ಫ್ರೋಬೆಲ್ ಮತ್ತು ಕಾಗದದ ಮಡಿಕೆ

ಚೌಕಾಕಾರದ ಒಂದು ಕಾಗದವನ್ನು ಮಡಿಸಿ ದೋಣಿಯನ್ನೋ ಬುಟ್ಟಿಯನ್ನೋ ಅಂದವಾದ ಪೆಟ್ಟಿಗೆಯನ್ನೋ ಮಾಡುವುದು ಮಕ್ಕಳಿಗೆ ಬಹು ಪ್ರಿಯವಾದ ಆಟ. ಇದಕ್ಕೆ ಕತ್ತರಿ ಬೇಡ, ಅಂಟು ಬೇಡ, ಕೈಬೆರಳುಗಳೇ ಸಾಕು. ಜಪಾನಿನಲ್ಲಿ ಈ ಕಲೆಗೆ ಓರಿಗಾಮಿ ಎಂದು ಹೆಸರು. ಈ ಆಟದಲ್ಲಿ ಪಾಠವೂ ಅಡಗಿದೆಯೆಂದು ಕಂಡು, ಅದಕ್ಕೆ ಶಾಲೆಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ ಅಗ್ರಗಣ್ಯನು.

ಫ್ರೋಬೆಲ್ 1782ನೆಯ ಇಸವಿ ಏಪ್ರಿಲ್ 21ರಂದು ಥುರಿಂಜಿಯಾ ಪ್ರಾಂತದ ಓಬರ್‌ವೈಸ್‌ಬಾಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಮಗುವಿಗೆ ಒಂಬತ್ತು ತಿಂಗಳು ತುಂಬುವ ವೇಳೆಗೆ ತಾಯಿ ತೀರಿಕೊಂಡಳು. ತಂದೆಗೆ ತನ್ನ ಕರ್ತವ್ಯಗಳ ನಡುವೆ ಬಿಡುವಿರಲಿಲ್ಲ. ಮಲತಾಯಿಯ ಪ್ರೀತಿಯೂ ಹೆಚ್ಚು ದಿನ ಉಳಿಯಲಿಲ್ಲ. ಮನೆಯ ಸುತ್ತಲಿನ ತೋಟ, ಗಿಡಮರಗಳೇ ಆ ತಬ್ಬಲಿ ಬಾಲಕನ ಸಂಗಾತಿಗಳಾದುವು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನು ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ಅಲ್ಲಿ ಅವನಿಗೆ ಮೊದಲ ಬಾರಿಗೆ ಅಕ್ಕರೆಯೂ ಓರಗೆಯ ಮಕ್ಕಳ ಸಹವಾಸವೂ ದೊರೆತುವು.

ತಾರುಣ್ಯದಲ್ಲಿ ಅವನಿಗೆ ನೆಲೆಯಾದ ಉದ್ಯೋಗ ಸಿಕ್ಕಲಿಲ್ಲ. ಎರಡು ವರ್ಷ ಅರಣ್ಯಾಧಿಕಾರಿಯ ಬಳಿ ಕೆಲಸ ಕಲಿತನು. ಯೇನಾ ವಿಶ್ವವಿದ್ಯಾಲಯ ಸೇರಿದನಾದರೂ ಹಣದ ಅಡಚಣೆಯಿಂದ ವ್ಯಾಸಂಗ ಮುಂದುವರಿಯಲಿಲ್ಲ; ಸಾಲಕ್ಕಾಗಿ ಸೆರೆವಾಸವನ್ನೂ ಅನುಭವಿಸಬೇಕಾಯಿತು. 1805ರಲ್ಲಿ ವಾಸ್ತುಶಿಲ್ಪವನ್ನು ಕಲಿಯುವ ಉದ್ದೇಶದಿಂದ ಫ್ರಾಂಕ್‌ಫರ್ಟ್ ನಗರಕ್ಕೆ ಹೋದವನು ಅಲ್ಲಿ ಶಾಲೆಯ ಉಪಾಧ್ಯಾಯನಾದನು. ಮಕ್ಕಳ ಮುಂದೆ ನಿಂತಾಗ ಅವನಿಗೆ ತನ್ನ ದಾರಿ ತಿಳಿಯಿತು. 1808ರಿಂದ ಎರಡು ವರ್ಷ ಸ್ವಿಟ್ಸರ್ಲೆಂಡಿನಲ್ಲಿ ಪ್ರಸಿದ್ಧ ಶಿಕ್ಷಣತಜ್ಞ ಪೆಸ್ತಲಾಟ್ಸಿಯ ಬಳಿ ಇದ್ದು ಅವನ ಬೋಧನಕ್ರಮವನ್ನು ಅರಿತನು. ಅನಂತರ ಬರ್ಲಿನ್‌ನಲ್ಲಿ ಖನಿಜಗಳ ಸಂಗ್ರಹಾಲಯದಲ್ಲಿ ಸಹಾಯಕನಾಗಿದ್ದನು. ಹರಳುಗಳ ಸಮತಲಗಳನ್ನೂ ಕೋನಗಳನ್ನೂ ಪರಿಶೀಲಿಸುತ್ತ, ಸರಳವಾದ ನಿಯಮಗಳಿಂದಲೇ ಸುಂದರವಾದ ಆಕೃತಿಗಳು ಮೂಡುತ್ತವೆಂಬುದನ್ನು ಮನಗಂಡನು.

1816ರಲ್ಲಿ ಅವನು ತನ್ನದೇ ಆದ ಶಾಲೆಯನ್ನು ತೆರೆದನು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಸ್ಥಳಾಂತರಗೊಂಡಿತು. ಕ್ರಮೇಣ ಅವನ ಗಮನವೆಲ್ಲ ಶಾಲೆಗೆ ಬರುವ ವಯಸ್ಸಿಗೂ ಮುಂಚಿನ ಎಳೆಯ ಮಕ್ಕಳ ಕಡೆಗೆ ತಿರುಗಿತು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅಂಥ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ನಾಮಕರಣ ಮಾಡಿದನು. ತೋಟಗಾರನು ಸಸಿಯನ್ನು ಎಳೆದು ಬೆಳೆಸಲಾರನು; ನೀರು, ಬೆಳಕುಗಳನ್ನು ಒದಗಿಸಿ ಅದು ತಾನಾಗಿ ಬೆಳೆಯಲು ನೆರವಾಗುತ್ತಾನೆ. ಗುರುವಿನ ಕಾರ್ಯವೂ ಇಂಥದೇ ಎಂಬುದು ಫ್ರೋಬೆಲ್‌ನ ದೃಢವಾದ ನಂಬಿಕೆ.

ಆದುದರಿಂದ ಅವನ ತೋಟದಲ್ಲಿ ಆಟವೇ ಪಾಠವಾಗಿತ್ತು. ಉಣ್ಣೆಯ ಚೆಂಡು, ಮರದ ಗೋಳ, ಘನ, ಉರುಳೆಗಳು ಮಕ್ಕಳ ಕೈಗೆ ಬಂದುವು. ಇವುಗಳ ಜೊತೆಗೆ ಹೆಣಿಗೆ, ಹೊಲಿಗೆ, ಮಣ್ಣಿನ ಕೆಲಸ, ಕಾಗದದ ಮಡಿಕೆ ಮೊದಲಾದ ಕೈಗೆಲಸಗಳೂ ಇದ್ದುವು. ಮಡಿಸಿದ ಕಾಗದದಲ್ಲಿ ಮೂರು ಬಗೆಯ ರೂಪಗಳನ್ನು ಅವನ ಪದ್ಧತಿಯು ಗುರುತಿಸಿತು. ದೋಣಿ, ಮೇಜುಗಳಂಥವು ನಿತ್ಯಜೀವನದ ರೂಪಗಳು. ತ್ರಿಕೋನ, ಚೌಕಗಳು ಜ್ಞಾನದ ರೂಪಗಳು. ಹೂವು, ನಕ್ಷತ್ರಗಳಂಥ ವಿನ್ಯಾಸಗಳು ಸೌಂದರ್ಯದ ರೂಪಗಳು.

ಒಂದು ಪೆಟ್ಟಿಗೆಯನ್ನು ಮಡಿಸಿ ನೋಡಿದರೆ ಈ ಮೂರೂ ಅದರಲ್ಲಿ ಒಂದಾಗಿರುವುದು ಕಾಣುತ್ತದೆ. 20 ಸೆಂಟಿಮೀಟರ್ ಬಾಹುವುಳ್ಳ ಚೌಕದ ನಾಲ್ಕು ಮೂಲೆಗಳನ್ನೂ ಮಧ್ಯಬಿಂದುವಿಗೆ ತಂದು ಮಡಿಸಬೇಕು. ಫ್ರೋಬೆಲ್ ಪದ್ಧತಿಯ ಅನೇಕ ಆಕೃತಿಗಳಿಗೆ ಇದೇ ಆರಂಭ. ಆಗ ದೊರೆಯುವ ಚೌಕದ ಬಾಹು ಸುಮಾರು 14 ಸೆಂಟಿಮೀಟರ್. ಅದರ ವಿಸ್ತೀರ್ಣ ಮೊದಲಿನದರ ಸರಿಯಾಗಿ ಅರ್ಧ. ಎದುರುಬದುರಿನ ಅಂಚುಗಳನ್ನು ನಡುಗೆರೆಗೆ ಮಡಿಸಿ ಬಿಡಿಸಿ, ಉಳಿದೆರಡು ಅಂಚುಗಳನ್ನೂ ಹಾಗೆಯೇ ಮಾಡಿದರೆ ಹದಿನಾರು ಸಮಚೌಕಗಳ ಗೆರೆಗಳು ಮೂಡುತ್ತವೆ. ನಡುವಿನ ನಾಲ್ಕು ಚೌಕಗಳು ಪೆಟ್ಟಿಗೆಯ ತಳವಾಗುತ್ತವೆ. ಸುತ್ತಲಿನ ಭಾಗವನ್ನು ಎತ್ತಿ ನಿಲ್ಲಿಸಿ, ಮೂಲೆಗಳನ್ನು ಒಳಕ್ಕೆ ಸೇರಿಸಿದರೆ ಗೋಡೆಗಳಾಗುತ್ತವೆ. ತಳದ ಬಾಹು ಸುಮಾರು 7, ಎತ್ತರ ಸುಮಾರು 3.5 ಸೆಂಟಿಮೀಟರ್. ತುಸು ದೊಡ್ಡ ಕಾಗದದಿಂದ ಇದೇ ರೀತಿ ಮುಚ್ಚಳವನ್ನು ಮಾಡಬಹುದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯೂ ಇದಕ್ಕೆ ಒಗ್ಗುತ್ತದೆ. ಮೊದಲ ಮಡಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೊನೆಯಲ್ಲಿ ಪೆಟ್ಟಿಗೆ ಸೊಟ್ಟಗಾಗುತ್ತದೆ. ಗುರುವು ಗದರಿಸಬೇಕಾಗಿಲ್ಲ, ತಪ್ಪನ್ನು ಕಾಗದವೇ ತೋರಿಸಿಕೊಡುತ್ತದೆ.

ಇಂಥ ನಿರುಪದ್ರವಿಯಾದ ಶಿಕ್ಷಣಕ್ಕೂ ವಿರೋಧ ಬಂದಿತು. 1851ರ ಆಗಸ್ಟ್ ತಿಂಗಳಿನಲ್ಲಿ ಪ್ರಷ್ಯಾ ಸರ್ಕಾರವು ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹರಡುತ್ತವೆಂಬುದು ಆಪಾದನೆ. ಫ್ರೋಬೆಲ್‌ನ ಅಣ್ಣನ ಮಗನಾದ ಕಾರ್ಲ್ ಫ್ರೋಬೆಲ್‌ನ ವಿಚಾರಗಳನ್ನು ಇವನ ವಿಚಾರಗಳೆಂದು ಭ್ರಮಿಸಿದುದು ಇದಕ್ಕೆ ಒಂದು ಕಾರಣ. ಎಪ್ಪತ್ತರ ಅಂಚಿನಲ್ಲಿದ್ದ ವೃದ್ಧನು ದೊರೆಗೆ ಮನವಿ ಸಲ್ಲಿಸಿದರೂ ಫಲ ದೊರೆಯಲಿಲ್ಲ. 1852ರ ಜೂನ್ 21ರಂದು ಫ್ರೋಬೆಲ್ ಕಣ್ಣು ಮುಚ್ಚಿದನು. ನಿಷೇಧವು ರದ್ದಾದುದು 1860ರಲ್ಲಿ. ಅದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ. ಅವನ ಸಮಾಧಿಯ ಮೇಲೆ ಗೋಳ, ಉರುಳೆ, ಘನಗಳ ಆಕಾರದ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ.

ಆದರೆ ಅವನು ನೆಟ್ಟ ತೋಟ ಒಣಗಲಿಲ್ಲ. ಅವನಿಂದ ತರಬೇತಿ ಪಡೆದ ಶಿಕ್ಷಕಿಯರೂ ಅನುಯಾಯಿಗಳೂ ಈ ಪದ್ಧತಿಯನ್ನು ದೇಶದೇಶಗಳಿಗೆ ಕೊಂಡೊಯ್ದರು. 1876ರಲ್ಲಿ ಟೋಕಿಯೋ ನಗರದಲ್ಲಿ ಕಿಂಡರ್‌ಗಾರ್ಟನ್ ಆರಂಭವಾದಾಗ, ಜಪಾನಿನ ಪ್ರಾಚೀನವಾದ ಮಡಿಕೆಯ ಕಲೆಯೂ ಫ್ರೋಬೆಲ್‌ನ ಮಡಿಕೆಯ ಪಾಠವೂ ಒಂದೆಡೆ ಕೂಡಿದುವು. ನಮ್ಮ ದೇಶಕ್ಕೂ ಅದರ ಬೆಳಕು ತಲಪಿತು. ಕಿಂಡರ್‌ಗಾರ್ಟನ್‌ನ ಮಡಿಕೆಯ ಕಾಗದಗಳಿಂದ ಪ್ರೇರಿತನಾದ ಟಿ. ಸುಂದರ ರಾವ್ ಎಂಬ ವಿದ್ವಾಂಸನು ಕಾಗದದ ಮಡಿಕೆಯಿಂದ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವನ್ನು ರಚಿಸಿ 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದನು. ಬಾಲ್ಯದಲ್ಲಿ ಆಟದ ಸುಖವನ್ನು ಹೆಚ್ಚಾಗಿ ಕಾಣದ ತಬ್ಬಲಿಯೊಬ್ಬನು ಲೋಕದ ಮಕ್ಕಳಿಗೆ ಆಟದೊಡನೆ ವಿದ್ಯೆಯನ್ನೂ ಕೊಟ್ಟನು. ಮಗುವೊಂದು ಕಾಗದವನ್ನು ಅಂಚಿಗೆ ಅಂಚು ಸೇರಿಸಿ ಮಡಿಸುವಾಗಲೆಲ್ಲ ಫ್ರೋಬೆಲ್‌ನ ಪಾಠ ಮುಂದುವರಿಯುತ್ತದೆ.