ಟೆಕ್ಸ್ ಏವರಿ

ಫ್ರೆಡರಿಕ್ ಬೀನ್ ಏವರಿ (೨೬ ಫೆಬ್ರವರಿ ೧೯೦೮ – ೨೬ ಆಗಸ್ಟ್ ೧೯೮೦) ಅಮೆರಿಕದ ಅನಿಮೇಷನ್ ಚಿತ್ರಗಳ ನಿರ್ದೇಶಕರು. ಟೆಕ್ಸ್ ಏವರಿ ಎಂಬ ಹೆಸರಿನಿಂದಲೇ ಇವರು ಪ್ರಸಿದ್ಧರು. ಬಗ್ಸ್ ಬನ್ನಿ, ಡ್ಯಾಫಿ ಡಕ್ ಮತ್ತು ಡ್ರೂಪಿ ಪಾತ್ರಗಳನ್ನು ರೂಪಿಸಿದವರಲ್ಲಿ ಇವರದು ಮುಖ್ಯ ಸ್ಥಾನ. ಹಾಸ್ಯದ ಒಂದೇ ಎಳೆಯನ್ನು ಹಿಡಿದು, ಅದನ್ನು ಅಸಂಬದ್ಧತೆಯ ತುತ್ತತುದಿಯವರೆಗೆ ಕೊಂಡೊಯ್ಯುವುದು ಇವರ ಕಿರುಚಿತ್ರಗಳ ವೈಶಿಷ್ಟ್ಯ. ೧೯೪೭ರ 'ಕಿಂಗ್-ಸೈಜ್ ಕ್ಯಾನರಿ' ಈ ಕ್ರಮಕ್ಕೆ ಅತ್ಯುತ್ತಮ ನಿದರ್ಶನ.

ಆರಂಭಿಕ ಜೀವನ

ಏವರಿ ಜನಿಸಿದ್ದು ಟೆಕ್ಸಾಸ್ ರಾಜ್ಯದ ಟೇಲರ್ ಎಂಬ ಊರಿನಲ್ಲಿ. 'ಟೆಕ್ಸ್' ಎಂಬ ಅಡ್ಡಹೆಸರಿಗೆ ಈ ಹುಟ್ಟುನಾಡೇ ಮೂಲ. ೧೯೨೬ರಲ್ಲಿ ಡಲ್ಲಾಸ್‌ನ ನಾರ್ತ್ ಡಲ್ಲಾಸ್ ಪ್ರೌಢಶಾಲೆಯ ವ್ಯಾಸಂಗ ಮುಗಿಸಿದರು. ಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಬರೆಯಬೇಕೆಂಬ ಆಸೆ ಕೈಗೂಡದೆ ಕ್ಯಾಲಿಫೋರ್ನಿಯಾಕ್ಕೆ ತೆರಳಿ, ೧೯೩೦ರ ದಶಕದ ಆರಂಭದಲ್ಲಿ ವಾಲ್ಟರ್ ಲ್ಯಾಂಟ್ಜ್ ಅವರ ಸ್ಟುಡಿಯೋ ಸೇರಿದರು. ಅಲ್ಲಿ ಸಹೋದ್ಯೋಗಿಗಳ ಹುಡುಗಾಟದಲ್ಲಿ ಇವರ ಎಡಗಣ್ಣಿಗೆ ಪೆಟ್ಟು ಬಿದ್ದು ಆ ಕಣ್ಣಿನ ದೃಷ್ಟಿ ಹೋಯಿತು. ಒಂದೇ ಕಣ್ಣಿನ ನೋಟವೇ ಇವರ ಶೈಲಿಗೆ ಕಾರಣವೆಂದು ಕೆಲವರು ಊಹಿಸಿರುವುದುಂಟು. ಆದರೆ ಇವರ ಹಾಸ್ಯದ ಬಲ ಇರುವುದು ದೃಶ್ಯದ ಆಳದಲ್ಲಿ ಅಲ್ಲ, ಕಾಲದ ಲೆಕ್ಕಾಚಾರದಲ್ಲಿ.

ವಾರ್ನರ್ ಬ್ರದರ್ಸ್ ಕಾರ್ಟೂನುಗಳು

ವಾರ್ನರ್ ಬ್ರದರ್ಸ್ ಸಂಸ್ಥೆಗೆ ಕಾರ್ಟೂನು ಒದಗಿಸುತ್ತಿದ್ದ ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ೧೯೩೫ರಲ್ಲಿ ಏವರಿಯವರನ್ನು ನಿರ್ದೇಶಕರನ್ನಾಗಿ ನೇಮಿಸಿಕೊಂಡರು. ಇವರ ತಂಡಕ್ಕೆ ಸಿಕ್ಕಿದ್ದು ಸ್ಟುಡಿಯೋ ಆವರಣದ ಒಂದು ಹಳೆಯ ಮರದ ಕಟ್ಟಡ. ಅದಕ್ಕೆ ಗೆದ್ದಲು ಹಿಡಿದಿದ್ದರಿಂದ ತಂಡದವರು ಅದನ್ನು ಟರ್ಮೈಟ್ ಟೆರೇಸ್ ಎಂದು ಕರೆದರು. ಮುಂದೆ ಹೆಸರಾಂತ ನಿರ್ದೇಶಕರಾದ ಚಕ್ ಜೋನ್ಸ್ ಮತ್ತು ಬಾಬ್ ಕ್ಲ್ಯಾಂಪೆಟ್ ಆಗ ಇದೇ ತಂಡದ ಚಿತ್ರಕಾರರಾಗಿದ್ದರು.

ಆ ಕಾಲದಲ್ಲಿ ಅನಿಮೇಷನ್ ಎಂದರೆ ಡಿಸ್ನಿ ಎಂಬ ಭಾವನೆಯಿತ್ತು. ಡಿಸ್ನಿ ಕಲಾವಿದರು ಚಿತ್ರಿಸಿದ ಪ್ರಾಣಿಗಳಿಗೆ ತೂಕ, ಉಸಿರು, ಕಣ್ಣೀರು ಇದ್ದವು. ಏವರಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರು. ಚಿತ್ರ ಚಿತ್ರವೇ ಹೊರತು ಜೀವನವಲ್ಲ ಎಂಬುದನ್ನು ಪ್ರೇಕ್ಷಕನಿಗೆ ಮತ್ತೆ ಮತ್ತೆ ನೆನಪಿಸುವುದು ಇವರ ಪದ್ಧತಿಯಾಯಿತು. ಇವರ ಪಾತ್ರಗಳು ಕಥೆಯನ್ನು ನಿಲ್ಲಿಸಿ ಪ್ರೇಕ್ಷಕರೊಡನೆ ಮಾತನಾಡುತ್ತವೆ, ಫಿಲ್ಮಿನ ಅಂಚನ್ನು ದಾಟಿ ಓಡುತ್ತವೆ.

೧೯೩೭ರ 'ಪೋರ್ಕೀಸ್ ಡಕ್ ಹಂಟ್' ಚಿತ್ರದಲ್ಲಿ ಡ್ಯಾಫಿ ಡಕ್ ಮೊದಲ ಬಾರಿಗೆ ಕಾಣಿಸಿಕೊಂಡಿತು. ೧೯೪೦ರ 'ಎ ವೈಲ್ಡ್ ಹೇರ್' ಚಿತ್ರದಲ್ಲಿ ಬಗ್ಸ್ ಬನ್ನಿಯ ಸ್ವಭಾವ ಸ್ಥಿರವಾಯಿತು. ಅದಕ್ಕೂ ಮುನ್ನ ಇದೇ ಸ್ಟುಡಿಯೋದ ಚಿತ್ರಗಳಲ್ಲಿ ಮೊಲವೊಂದು ಇದ್ದರೂ ಅದು ಬರಿಯ ಹುಚ್ಚಾಟದ ಪ್ರಾಣಿ. ಕೋವಿ ಹಿಡಿದ ಬೇಟೆಗಾರನ ಮುಂದೆ ಕ್ಯಾರೆಟ್ ಮೆಲ್ಲುತ್ತ ನಿರಾಳವಾಗಿ ಕುಶಲ ವಿಚಾರಿಸುವ ಮೊಲ ಏವರಿಯವರ ಕೊಡುಗೆ. ೧೯೪೧ರ 'ದಿ ಹೆಕ್ಲಿಂಗ್ ಹೇರ್' ಚಿತ್ರದ ಕೊನೆಯ ದೃಶ್ಯವನ್ನು ಕತ್ತರಿಸಿದ್ದಕ್ಕೆ ಶ್ಲೆಸಿಂಗರ್ ಅವರೊಡನೆ ಜಗಳವಾಗಿ ಏವರಿ ಸ್ಟುಡಿಯೋ ತೊರೆದರು. ತಾವು ರೂಪಿಸಿದ ಮೊಲ ಲೋಕಪ್ರಸಿದ್ಧವಾದುದನ್ನು ಇವರು ಹೊರಗೆ ನಿಂತೇ ನೋಡಬೇಕಾಯಿತು.

ಎಂ.ಜಿ.ಎಂ. ಅವಧಿ

ಅದೇ ವರ್ಷ ಎಂ.ಜಿ.ಎಂ. ಸ್ಟುಡಿಯೋ ಸೇರಿದ ಏವರಿ, ತಮ್ಮ ಶ್ರೇಷ್ಠ ಚಿತ್ರಗಳನ್ನು ನಿರ್ಮಿಸಿದ್ದು ಇಲ್ಲಿಯೇ. ೧೯೪೩ರ 'ರೆಡ್ ಹಾಟ್ ರೈಡಿಂಗ್ ಹುಡ್' ಚಿತ್ರದಲ್ಲಿ ತೋಳ, ಹುಡುಗಿ, ಅಜ್ಜಿ ಮೂವರೂ ಹಳಸಿದ ಕಥೆಯಲ್ಲಿ ನಟಿಸಲಾರೆವೆಂದು ಪ್ರತಿಭಟಿಸುತ್ತಾರೆ. ಕಥೆ ಹಾಲಿವುಡ್ಡಿನ ನೈಟ್‌ಕ್ಲಬ್ಬಿನಲ್ಲಿ ಹೊಸದಾಗಿ ಆರಂಭವಾಗುತ್ತದೆ. ಅದೇ ವರ್ಷ 'ಡಂಬ್-ಹೌಂಡೆಡ್' ಚಿತ್ರದಲ್ಲಿ ಜೋಲುಮುಖದ, ನಿಧಾನ ಮಾತಿನ ನಾಯಿ ಡ್ರೂಪಿ ಬಂತು. ಇದೇ ಸ್ಟುಡಿಯೋದಲ್ಲಿ ವಿಲಿಯಂ ಹಾನ್ನಾ ಮತ್ತು ಜೋಸೆಫ್ ಬಾರ್ಬೆರಾ ಅವರ 'ಟಾಮ್ ಅಂಡ್ ಜೆರಿ' ಸರಣಿಗೆ ಒಟ್ಟು ಏಳು ಆಸ್ಕರ್ ಪ್ರಶಸ್ತಿಗಳು ಬಂದವು. ಏವರಿಯವರ ಚಿತ್ರಗಳು ನಾಮನಿರ್ದೇಶನಗೊಂಡರೂ ಒಂದಕ್ಕೂ ಪ್ರಶಸ್ತಿ ಬರಲಿಲ್ಲ.

ಕಿಂಗ್-ಸೈಜ್ ಕ್ಯಾನರಿ

ಹೆಕ್ ಅಲೆನ್ ಅವರ ಕಥೆ, ಸ್ಕಾಟ್ ಬ್ರ್ಯಾಡ್ಲಿ ಅವರ ಸಂಗೀತವಿರುವ ಈ ಚಿತ್ರ ೧೯೪೭ರ ಡಿಸೆಂಬರಿನಲ್ಲಿ ತೆರೆಕಂಡಿತು. ಹಸಿದ ಬೀದಿಬೆಕ್ಕೊಂದು ಮನೆಯೊಂದಕ್ಕೆ ನುಗ್ಗುತ್ತದೆ. ಅಲ್ಲಿ ಸಿಕ್ಕ ಇಲಿ, ತಾನು ಈ ಕಾರ್ಟೂನನ್ನು ಮೊದಲೇ ನೋಡಿರುವುದಾಗಿಯೂ ಮುಂದೆ ತಾನೇ ಬೆಕ್ಕಿನ ಪ್ರಾಣ ಉಳಿಸುವುದಾಗಿಯೂ ತಿಳಿಸಿ, ತನ್ನ ಬದಲು ಪಂಜರದ ಹಕ್ಕಿಯನ್ನು ತಿನ್ನಲು ಸೂಚಿಸುತ್ತದೆ. ಹಕ್ಕಿಯೋ ಒಂದು ತುತ್ತಿಗೂ ಸಾಲದು. ಅಡುಗೆಮನೆಯಲ್ಲಿ ಸಿಕ್ಕ, ಗಿಡ ಬೆಳೆಸುವ ಔಷಧವನ್ನು ಬೆಕ್ಕು ಹಕ್ಕಿಗೆ ಕುಡಿಸಿದಾಗ ಅದು ಬೆಕ್ಕನ್ನೂ ಮೀರಿ ಬೆಳೆಯುತ್ತದೆ. ಬೆಕ್ಕು ತಾನೂ ಕುಡಿಯುತ್ತದೆ. ಸೀಸೆ ನಾಯಿಯ ಕೈಗೆ, ಇಲಿಯ ಕೈಗೆ ಹೋಗುತ್ತದೆ. ಇಲಿ ತಾನು ಹೇಳಿದ್ದಂತೆಯೇ ಬೆಕ್ಕಿನ ಪ್ರಾಣ ಉಳಿಸುತ್ತದೆ. ಆದರೂ ಬೆಕ್ಕು ಇಲಿಯ ಬೆನ್ನಟ್ಟುವುದು ತಪ್ಪುವುದಿಲ್ಲ. ಕೊನೆಗೆ ಔಷಧ ತೀರಿಹೋದ ಕಾರಣ ಚಿತ್ರ ಇಲ್ಲಿಗೇ ಮುಗಿಯಬೇಕಾಗಿದೆಯೆಂದು ಇಲಿ ಪ್ರಕಟಿಸುತ್ತದೆ. ಭೂಗೋಳಕ್ಕಿಂತ ದೊಡ್ಡದಾದ ಬೆಕ್ಕು ಮತ್ತು ಇಲಿ ಪರಸ್ಪರ ಹೆಗಲ ಮೇಲೆ ಕೈಹಾಕಿಕೊಂಡು, ಆ ಗೋಳದ ಮೇಲೆಯೇ ನಿಂತು ಪ್ರೇಕ್ಷಕರತ್ತ ಕೈಬೀಸುತ್ತವೆ.

ಈ ಚಿತ್ರ ಹಳತಾಗದಿರಲು ಕಾರಣ ಅದರ ರಚನೆಯಲ್ಲಿಯೇ ಇದೆ. ಯುದ್ಧಕಾಲದ ಏವರಿ ಚಿತ್ರಗಳನ್ನು ಸವಿಯಲು ಹಿಟ್ಲರನೂ ಪಡಿತರ ಚೀಟಿಯೂ ಗೊತ್ತಿರಬೇಕು. ಇಲ್ಲಿ ಹಸಿವು ಗೊತ್ತಿದ್ದರೆ ಸಾಕು. ಕುಡಿದವನು ಬೆಳೆಯುತ್ತಾನೆ ಎಂಬುದೊಂದೇ ನಿಯಮ, ಅದಕ್ಕೆ ಎಲ್ಲಿಯೂ ವಿನಾಯಿತಿಯಿಲ್ಲ. ಪ್ರತಿಯೊಂದು ಪ್ರಾಣಿಯೂ ತನ್ನ ಮಟ್ಟಿಗೆ ಬುದ್ಧಿವಂತಿಕೆಯಿಂದಲೇ ನಡೆದುಕೊಳ್ಳುತ್ತದೆ. ಆದರೆ ಎಲ್ಲರ ಬುದ್ಧಿವಂತಿಕೆ ಸೇರಿ ಅನಾಹುತವಾಗುತ್ತದೆ. ಬೆಕ್ಕಿನ ಹಸಿವು ಮಾತ್ರ ಕೊನೆಯವರೆಗೂ ಹಿಂಗುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಎರಡು ವರ್ಷಕ್ಕೆ ಬಂದ ಈ ಕಥೆಯಲ್ಲಿ ಶಸ್ತ್ರಾಸ್ತ್ರಗಳ ಪೈಪೋಟಿಯನ್ನು ಕಾಣುವುದು ಕಷ್ಟವಲ್ಲ, ಆದರೆ ಚಿತ್ರ ನಗಿಸಲು ಆ ಅರ್ಥದ ಅಗತ್ಯವಿಲ್ಲ. ಅನಿಮೇಷನ್ ವೃತ್ತಿಯವರ ಅಭಿಪ್ರಾಯ ಸಂಗ್ರಹಿಸಿ ಜೆರಿ ಬೆಕ್ ೧೯೯೪ರಲ್ಲಿ ಸಂಪಾದಿಸಿದ ಐವತ್ತು ಶ್ರೇಷ್ಠ ಕಾರ್ಟೂನುಗಳ ಗ್ರಂಥದಲ್ಲಿ ಇದು ಹತ್ತನೆಯ ಸ್ಥಾನ ಪಡೆದಿದೆ.

ಹಾಸ್ಯದ ಲಯ

ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮುಗಳು ಓಡುವ ಫಿಲ್ಮಿನಲ್ಲಿ, ಒಂದು ಕ್ರಿಯೆ ಕಣ್ಣಿಗೆ ನಾಟಲು ಐದು ಫ್ರೇಮುಗಳು ಸಾಕೆಂದು ಏವರಿ ಕಂಡುಕೊಂಡಿದ್ದರು. ಮೇಲಿನಿಂದ ಬೀಳುವ ಕಮ್ಮಾರನ ಅಡಿಗಲ್ಲು ಪೂರ್ತಿ ದಾರಿಯುದ್ದಕ್ಕೂ ಕಾಣಬೇಕಿಲ್ಲ. ತಲೆಗೆ ತಾಗುವ ಮುನ್ನ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಕಂಡರೆ ಸಾಕು. ಈ ನಿಖರತೆಗಾಗಿ ಇವರು ಸಿದ್ಧವಾದ ಫಿಲ್ಮಿನಿಂದಲೂ ಒಂದೆರಡು ಫ್ರೇಮುಗಳನ್ನು ಕತ್ತರಿಸುತ್ತಿದ್ದರು. ನಗಿಸುವ ಕೆಲಸ ಇವರನ್ನು ದಣಿಸಿತು. ೧೯೫೦ರಲ್ಲಿ ಕೆಲಸದ ಒತ್ತಡ ತಾಳಲಾರದೆ ಸುಮಾರು ಒಂದು ವರ್ಷ ರಜೆಯಲ್ಲಿದ್ದರು.

ಟೀಕೆ

ಏವರಿ ಚಿತ್ರಗಳಲ್ಲಿನ ಜನಾಂಗೀಯ ಅಪಹಾಸ್ಯವನ್ನು ಕಡೆಗಣಿಸಲಾಗದು. ಕಪ್ಪು ಜನರನ್ನು ಹೀನವಾಗಿ ಚಿತ್ರಿಸಿದ್ದರಿಂದ ೧೯೪೧ರ 'ಆಲ್ ದಿಸ್ ಅಂಡ್ ರ್ಯಾಬಿಟ್ ಸ್ಟ್ಯೂ' ಚಿತ್ರವನ್ನು ೧೯೬೮ರಿಂದ ಟೆಲಿವಿಷನ್ ಪ್ರಸಾರದಿಂದ ತಡೆಹಿಡಿಯಲಾಯಿತು. ಇಂಥ ದೃಶ್ಯಗಳು ಇಂದು ನಗು ತರಿಸುವುದಿಲ್ಲ. 'ಕಿಂಗ್-ಸೈಜ್ ಕ್ಯಾನರಿ'ಯ ಪಕ್ಕದಲ್ಲಿಟ್ಟು ನೋಡಿದರೆ ಇವರ ಹಾಸ್ಯಕ್ಕೆ ಅವುಗಳ ಅಗತ್ಯವೂ ಇರಲಿಲ್ಲವೆಂದು ತೋರುತ್ತದೆ.

ಕೊನೆಯ ವರ್ಷಗಳು

೧೯೫೩ರಲ್ಲಿ ಎಂ.ಜಿ.ಎಂ. ಇವರ ವಿಭಾಗವನ್ನು ಮುಚ್ಚಿತು. ಲ್ಯಾಂಟ್ಜ್ ಸ್ಟುಡಿಯೋಗೆ ಮರಳಿ ನಾಲ್ಕು ಚಿತ್ರಗಳನ್ನು ನಿರ್ದೇಶಿಸಿದ ಏವರಿ, ಸಂಭಾವನೆಯ ಭಿನ್ನಾಭಿಪ್ರಾಯದಿಂದ ಅಲ್ಲಿಂದಲೂ ಹೊರಬಂದರು. ಆಮೇಲೆ ಬಹುಕಾಲ ಟೆಲಿವಿಷನ್ ಜಾಹೀರಾತುಗಳೇ ಇವರ ವೃತ್ತಿಯಾದವು. ರೇಡ್ ಕೀಟನಾಶಕದ ಜಾಹೀರಾತುಗಳಲ್ಲಿ ಚೀರಿ ಸಾಯುವ ಹುಳುಗಳನ್ನು ಕಂಡು ನಕ್ಕವರಲ್ಲಿ ಹೆಚ್ಚಿನವರಿಗೆ ನಿರ್ದೇಶಕರ ಹೆಸರು ಗೊತ್ತಿರಲಿಲ್ಲ. ೧೯೭೫ರಲ್ಲಿ ಜೋ ಆಡಮ್ಸನ್ ಇವರ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು.

ಕೊನೆಯಲ್ಲಿ ಏವರಿ, ಒಮ್ಮೆ ತಮ್ಮ ನೆರೆಯಲ್ಲಿ ಕೆಲಸ ಮಾಡುತ್ತಿದ್ದ ಹಾನ್ನಾ ಮತ್ತು ಬಾರ್ಬೆರಾ ಅವರ ಸಂಸ್ಥೆಯಲ್ಲಿ ಉದ್ಯೋಗಿಯಾದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಇವರು ೧೯೮೦ರ ಆಗಸ್ಟ್ ೨೬ರಂದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ನಿಧನರಾದರು. ಅಲ್ಲಿ ಇವರು ರೂಪಿಸಿದ, ಡ್ರೂಪಿಯನ್ನು ಹೋಲುವ ಮೆಲುಮಾತಿನ ಪ್ರಾಣಿಯೊಂದರ ಕಾರ್ಯಕ್ರಮ 'ದಿ ಕ್ವಿಕಿ ಕೋಲಾ ಷೋ' ಮರುವರ್ಷ ಪ್ರಸಾರವಾಯಿತು.