ಒಂದೇ ಹಲ್ಲಿನ ಅಧ್ಯಕ್ಷರು

ಅಮೆರಿಕಾ ಸಂಯುಕ್ತ ಸಂಸ್ಥಾನದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಯುದ್ಧಗಳನ್ನೂ ಆಡಳಿತವನ್ನೂ ನಾವೆಲ್ಲ ಪಾಠಪುಸ್ತಕದಲ್ಲಿ ಓದಿದವರೇ. ಆದರೆ ಅವರನ್ನು ನಲವತ್ತು ವರ್ಷ ಬಿಡದೆ ಕಾಡಿದ ಶತ್ರು ಅವರ ಬಾಯಿಯೊಳಗೇ ಇತ್ತೆಂಬುದು ಅನೇಕರಿಗೆ ತಿಳಿದಿರಲಾರದು.

1732ರ ಫೆಬ್ರವರಿ 22ರಂದು ವರ್ಜೀನಿಯಾದಲ್ಲಿ ಹುಟ್ಟಿದ ವಾಷಿಂಗ್ಟನ್ನರು 24ನೆಯ ವಯಸ್ಸಿಗೇ ಐದು ಶಿಲ್ಲಿಂಗ್ ತೆತ್ತು ಹಲ್ಲು ಕೀಳಿಸಿಕೊಂಡರು. ಹಲ್ಲುಜ್ಜುವುದರಲ್ಲಿ ಅವರು ಉದಾಸೀನರೇನೂ ಆಗಿರಲಿಲ್ಲ. ಆದರೂ ಹಲ್ಲುಗಳು ಒಂದೊಂದಾಗಿ ಹೋದವು. 1775ರಲ್ಲಿ ಸೇನಾಧಿಪತಿಯಾದ ಅವರು, ಯುದ್ಧಕಾಲದಲ್ಲೇ ಕಟ್ಟಿಸಿದ ಹಲ್ಲುಗಳನ್ನು ತಂತಿಯಿಂದ ಬಿಗಿದುಕೊಳ್ಳಬೇಕಾಯಿತು. ಆ ತಂತಿ ಬಿಗಿಯುವ ಇಕ್ಕಳ ಬೇಕೆಂದು 1781ರಲ್ಲಿ ದಂತವೈದ್ಯರಿಗೆ ಬರೆದ ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು!

ಇಲ್ಲೊಂದು ಕಹಿ ಸಂಗತಿಯನ್ನೂ ಹೇಳಬೇಕು. 1784ರಲ್ಲಿ ಕರಿಯ ಗುಲಾಮರಿಂದ ಒಂಬತ್ತು ಹಲ್ಲುಗಳನ್ನು ಕೊಂಡ ಖರ್ಚು ಅವರ ಲೆಕ್ಕದ ಪುಸ್ತಕದಲ್ಲಿದೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಮಹನೀಯರ ಮನೆಯಲ್ಲೇ, ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವರ ಬಾಯಿಯಿಂದ ಹಲ್ಲು ಹೋಯಿತು.

1789ರ ಏಪ್ರಿಲ್ 30ರಂದು ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸುವಾಗ ಅವರಿಗೆ ಉಳಿದದ್ದು ಒಂದೇ ಹಲ್ಲು. ಕಡಲೆ ಬಂದಾಗ ಹಲ್ಲಿಲ್ಲವೆಂಬ ನಮ್ಮ ಗಾದೆ ಅಧ್ಯಕ್ಷರಿಗೂ ತಪ್ಪಲಿಲ್ಲ. ಜಾನ್ ಗ್ರೀನ್‌ವುಡ್ ಎಂಬ ದಂತವೈದ್ಯರು ನೀರಾನೆಯ ದಂತವನ್ನು ಕೊರೆದು ಪೀಠ ಮಾಡಿ, ಅದರಲ್ಲಿ ಮನುಷ್ಯರ ಹಲ್ಲು ಕೂಡಿಸಿ, ಉಳಿದ ಆ ಒಂದು ಹಲ್ಲಿಗಾಗಿ ತೂತು ಬಿಟ್ಟರು. ವಾಷಿಂಗ್ಟನ್ನರು ಮರದ ಹಲ್ಲು ಹಾಕಿಕೊಂಡಿದ್ದರೆಂಬುದು ಬರೀ ಕಟ್ಟುಕಥೆ. ಒಂದೇ ಗೂಟಕ್ಕೆ ನಾಲ್ಕು ದನ ಕಟ್ಟಿದರೆ ಗೂಟವೇ ಅಲುಗುತ್ತದೆ. 1796ರಲ್ಲಿ ಆ ಕೊನೆಯ ಹಲ್ಲನ್ನೂ ಕೀಳಬೇಕಾಯಿತು. 1799ರ ಡಿಸೆಂಬರ್ 14ರಂದು ವಾಷಿಂಗ್ಟನ್ನರು ತೀರಿಕೊಂಡರು.

ಎಲ್ಲಿಯ ಹಲ್ಲು ಹೋಗಿದೆ ಎಂಬುದನ್ನು ನೋಡಿ ಕಟ್ಟುಹಲ್ಲಿನ ಆಕಾರ ಗೊತ್ತುಮಾಡುವ ಕ್ರಮ ಬಲವಾಗಿ ಬೇರೂರಿದ್ದು ಬಹಳ ತಡವಾಗಿ. 1925ರಲ್ಲಿ ಎಡ್ವರ್ಡ್ ಕೆನಡಿ ಎಂಬ ಅಮೆರಿಕಾದ ದಂತವೈದ್ಯರು ಇದನ್ನು ನಾಲ್ಕು ವರ್ಗ ಮಾಡಿದರು. ಎರಡೂ ಬದಿಯ ಹಿಂದಿನ ಹಲ್ಲುಗಳು ಹೋದದ್ದು ಒಂದನೆಯದು. ಒಂದೇ ಬದಿಯ ಹಿಂದಿನವು ಹೋದದ್ದು ಎರಡನೆಯದು. ಒಂದು ಬದಿಯಲ್ಲಿ ಹಿಂದೆ ಮುಂದೆ ಹಲ್ಲುಗಳಿದ್ದು ನಡುವೆ ಖಾಲಿಯಾದದ್ದು ಮೂರನೆಯದು. ನಡುಗೆರೆ ದಾಟಿ ಮುಂದಿನ ಹಲ್ಲುಗಳು ಹೋದದ್ದು ನಾಲ್ಕನೆಯದು. ಮೂರನೆಯದರಲ್ಲಿ ಎರಡು ಕಡೆಯ ಹಲ್ಲುಗಳೇ ಸೇತುವೆಯ ಕಂಬಗಳಂತೆ ಭಾರ ಹೊರುತ್ತವೆ. ಮೊದಲೆರಡರಲ್ಲಿ ಹಿಂದೆ ಕಂಬವಿಲ್ಲ; ಆದ್ದರಿಂದ ಪೀಠವನ್ನು ಅಗಲ ಮಾಡಿ ವಸಡಿಗೂ ಭಾರ ಹಂಚಬೇಕು. ಇಲ್ಲವಾದರೆ ಕೊಕ್ಕೆ ಹಿಡಿದ ಹಲ್ಲು, ಹಾರೆ ಹಾಕಿ ಮೀಟಿದಂತೆ ಸಡಿಲವಾಗುತ್ತದೆ. ಕಟ್ಟುಹಲ್ಲು ಕೆಳಗೆ ಕುಸಿಯದಂತೆ ಇರುವ ಹಲ್ಲಿನ ಮೇಲೊಂದು ಸಣ್ಣ ಆಸರೆಯೂ ಬೇಕು.

ಇದರ ಸಾರವಿಷ್ಟೇ: ಹೋದದ್ದನ್ನು ತುಂಬುವುದಕ್ಕಿಂತ ಇರುವುದನ್ನು ಉಳಿಸುವುದು ಮುಖ್ಯ. ಆಂಧ್ರದ ಹೇಮಾವತಿಯಲ್ಲಾಗಲಿ ನಮ್ಮ ಮಂಜೇಶ್ವರದಲ್ಲಾಗಲಿ, ನಾಲ್ಕು ಹಲ್ಲು ಬಿದ್ದೊಡನೆ ಉಳಿದದ್ದನ್ನೂ ಕೀಳಿಸಿ ಪೂರ್ತಿ ಸೆಟ್ಟು ಹಾಕಿಸಿಬಿಡೋಣವೆನ್ನುವ ಹಿರಿಯರು ಮನೆಮನೆಯಲ್ಲಿದ್ದಾರೆ. ಗಟ್ಟಿಯಿರುವ ಹಲ್ಲನ್ನು ಅವಸರದಿಂದ ಕೀಳಿಸಬಾರದು. ಯಾವ ಹಲ್ಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ವೈದ್ಯರಲ್ಲಿ ಕೇಳಬೇಕು; ಕಟ್ಟುಹಲ್ಲನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು. ತ, ಥ, ದ, ಧ, ನ ಇವು ದಂತ್ಯಾಕ್ಷರಗಳೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮೊಮ್ಮಕ್ಕಳ ಕಿವಿಗೆ ಮನೆಯ ಕನ್ನಡ ಸ್ಪಷ್ಟವಾಗಿ ಬೀಳಬೇಕಾದರೆ ಅಜ್ಜ ಅಜ್ಜಿಯರ ಬಾಯಲ್ಲಿ ಹಲ್ಲಿರಬೇಡವೇ?