ಮನೆಯಿಂದ ಹೊಮ್ಮಿದ ಆಕಾಶವಾಣಿ

ದೂರದಲ್ಲಿ ಹಾಡುವವರ ದನಿಯನ್ನು ಮನೆಯಲ್ಲಿ ಕುಳಿತು ಆಲಿಸುವುದು ಇಂದು ಯಾರಿಗೂ ಬೆರಗಿನ ಸಂಗತಿಯಲ್ಲ. ಆದರೆ 1935ರಲ್ಲಿ ಅದೊಂದು ಪವಾಡವೆನಿಸಿತ್ತು. ಆ ವರ್ಷ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದ ಸಾಹಸಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಅವರು ಎಂಜಿನಿಯರರಲ್ಲ, ಶ್ರೀಮಂತ ವರ್ತಕರೂ ಅಲ್ಲ. ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರು.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದರು. ಸ್ವದೇಶಕ್ಕೆ ಮರಳಿದ ಬಳಿಕ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಮನಸ್ಸನ್ನು ಅರಿಯುವುದು ಅವರ ವೃತ್ತಿ. ಜ್ಞಾನವು ಕಾಲೇಜಿನ ಗೋಡೆಗಳನ್ನು ದಾಟಿ ಜನರ ಮನಸ್ಸನ್ನು ಮುಟ್ಟಬೇಕೆಂಬುದು ಅವರ ಹಂಬಲ. ಆ ಹಂಬಲಕ್ಕೆ ತಕ್ಕ ಸಾಧನವಾಗಿ ಅವರಿಗೆ ದೊರೆತದ್ದು ಬಾನುಲಿ.

ಅಂದಿನ ಬಾನುಲಿಯ ಜೀವಾಳ ವಾಲ್ವ್ ಎಂಬ ಗಾಜಿನ ನಿರ್ವಾತ ನಳಿಕೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದರೊಳಗೆ ಒಂದು ಪುಟ್ಟ ಜಾಲರಿಯನ್ನು ಅಳವಡಿಸಿದ. ಕೆರೆಯ ತೂಬನ್ನು ಒಬ್ಬನೇ ಮನುಷ್ಯ ಏರಿಸಿ ಇಳಿಸಿ ಕಾಲುವೆಯ ನೀರನ್ನೆಲ್ಲ ಹತೋಟಿಯಲ್ಲಿಡುವಂತೆ, ಜಾಲರಿಗೆ ತಾಗುವ ಕ್ಷೀಣ ವಿದ್ಯುತ್ತು ನಳಿಕೆಯಲ್ಲಿ ಹರಿಯುವ ಪ್ರಬಲ ವಿದ್ಯುತ್ತನ್ನು ನಿಯಂತ್ರಿಸುತ್ತದೆ. ಹೀಗೆ ಕಿರುದನಿ ಹಿರಿದನಿಯಾಗುತ್ತದೆ. ಈ ನಳಿಕೆ ಒಂದೇ ಕೆಲಸಕ್ಕೆ ಕಟ್ಟುಬಿದ್ದದ್ದಲ್ಲ. 1935ರಲ್ಲಿಯೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹ್ಯಾಮಂಡ್ ಆರ್ಗನ್ ಎಂಬ ವಾದ್ಯದ ನಾದವನ್ನು ಹಿಗ್ಗಿಸುತ್ತಿದ್ದುದೂ ಇಂಥ ನಳಿಕೆಗಳೇ. ವಾದ್ಯಕ್ಕೋ ಭಾಷಣಕ್ಕೋ ಪ್ರಸಾರಕ್ಕೋ, ಉಪಯೋಗವನ್ನು ನಿರ್ಧರಿಸುವವನು ಮನುಷ್ಯ.

ಗೋಪಾಲಸ್ವಾಮಿಯವರು ಅದನ್ನು ಲೋಕಶಿಕ್ಷಣಕ್ಕೆ ಬಳಸಿದರು. ಅವರ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಅಂದು ಮನೆಗಳಲ್ಲಿ ಉರಿಯುತ್ತಿದ್ದ ಸಾಧಾರಣ ಬಲ್ಬಿಗಿಂತಲೂ ಕಡಿಮೆ. 1935ರ ಸೆಪ್ಟೆಂಬರ್ 10ರಂದು ‘ವಿಠ್ಠಲ ವಿಹಾರ’ವೆಂಬ ಅವರ ಮನೆಯಿಂದ ಪ್ರಸಾರ ಆರಂಭವಾಯಿತು. ಕುವೆಂಪು ಅವರ ಕಾವ್ಯವಾಚನ ಅಂದಿನ ಕಾರ್ಯಕ್ರಮಕ್ಕೆ ಕಳೆಯೇರಿಸಿತು.

ಇದು ಸುಲಭದ ಕಾರ್ಯವಾಗಿರಲಿಲ್ಲ. ದೊಡ್ಡ ಬಂಡವಾಳದಿಂದ 1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ತೊಡಗಿದ ಖಾಸಗಿ ಕಂಪನಿಯೊಂದು ಮೂರೇ ವರ್ಷಗಳಲ್ಲಿ ನಷ್ಟದಿಂದ ಮುಚ್ಚಿಹೋಗಿತ್ತು. ಕಂಪನಿಯೇ ಸೋತ ಕೆಲಸಕ್ಕೆ ಒಬ್ಬ ಅಧ್ಯಾಪಕರು ತಮ್ಮ ಸಂಪಾದನೆಯನ್ನು ಸುರಿದರು. ಲಾಭದ ನಿರೀಕ್ಷೆ ಇರಲಿಲ್ಲ. ಖರ್ಚು ಮಾತ್ರ ದಿನದಿನವೂ ಬೆಳೆಯುತ್ತಿತ್ತು. ಆದರೂ ಅವರು ಹಿಂಜರಿಯಲಿಲ್ಲ. ಮುಂದೆ 250 ವ್ಯಾಟ್ ಶಕ್ತಿಯ ಯಂತ್ರ ಬಂದಿತು. ಸಾಹಿತಿಗಳೂ ಸಂಗೀತಗಾರರೂ ನೆರವಾದರು. 1940ರ ದಶಕದ ಆರಂಭದ ವರ್ಷಗಳಲ್ಲಿ ಕೇಂದ್ರದ ಹೊಣೆ ಮೈಸೂರು ಸಂಸ್ಥಾನಕ್ಕೆ ಸೇರಿತು. 1950ರಲ್ಲಿ ಅದು ಭಾರತ ಸರ್ಕಾರದ ಬಾನುಲಿ ಸಂಸ್ಥೆಯಲ್ಲಿ ಲೀನವಾಯಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ವರ್ಗವಾದಾಗ ಮೈಸೂರಿನ ದನಿ ಮೌನವಾಯಿತು. 1974ರಲ್ಲಿ ಮರಳಿ ಮೊಳಗಿತು.

ಆ ಮನೆಯ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವವರೂ ಉಂಟು. ಮುಂದೆ ಇಡೀ ದೇಶದ ಬಾನುಲಿ ಅದೇ ಹೆಸರನ್ನು ಧರಿಸಿತು. ಮೈಸೂರಿನಿಂದ ಬಹು ದೂರದ ಚಿಕ್ಕಜಾಜೂರಿನಂಥ ಊರುಗಳಲ್ಲಿಯೂ ಜನ ಬಾನುಲಿಯನ್ನು ಆ ಹೆಸರಿನಿಂದಲೇ ಬಲ್ಲರು.

ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಶರಾದರು. ಯಂತ್ರದ ಶಕ್ತಿಯನ್ನು ವ್ಯಾಟುಗಳಲ್ಲಿ ಅಳೆಯಬಹುದು. ಅದನ್ನು ಜನಹಿತಕ್ಕೆ ತೊಡಗಿಸಿದ ಸಂಕಲ್ಪದ ಶಕ್ತಿಯನ್ನು ಅಳೆಯಲಾಗದು.